ಬೂದಿಚಿಟ್ಟೆಯ ದೀಕ್ಷೆ

ಆ ದ್ವೀಪದಲ್ಲಿ ಹೂವಿರಲಿಲ್ಲ. ಕಪ್ಪು ಬಂಡೆ, ಕತ್ತಾಳೆ, ಗಾಳಿಗೆ ಬಾಗಿದ ನಾಲ್ಕಾರು ಮರ, ಒಂದು ಆಶ್ರಮ. ಮತ್ತೆ ಚಿಟ್ಟೆ.

ರೆಕ್ಕೆ ಮುಚ್ಚಿದರೆ ಬೂದಿಯ ಬಣ್ಣ. ತೆರೆದರೆ ಒಳಗೆ ಕೆಂಪಗೆ ಎರಡು ಕಣ್ಣಿನಂಥ ಗುರುತು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಜಾತಿ ಎಂದು ದೂರದ ಪಂಡಿತರು ಬಂದು ನೋಡಿ, ಬಾಯಲ್ಲಿ ಹಿಡಿಸದಷ್ಟು ಉದ್ದದ ಹೆಸರಿಟ್ಟು ಹೋಗಿದ್ದರು. ಆಚೆ ದಡದ ಜನ ಬೂದಿಚಿಟ್ಟೆ ಎನ್ನುತ್ತಿದ್ದರು. ದ್ವೀಪದ ಸುತ್ತಲಿನ ಬಂಡೆಸಾಲನ್ನು ಅದು ದಾಟಿದ್ದನ್ನು ಯಾರೂ ಕಂಡಿರಲಿಲ್ಲ.

ಹೂವಿಲ್ಲದ ಕಡೆ ಅವು ಏನು ತಿಂದು ಬದುಕುತ್ತವೆ ಎಂದು ಕೇಳಿದವರೂ ಇರಲಿಲ್ಲ.

ಕೇಳಬೇಕಾಗಿದ್ದವನು ಗಜಾನನ. ಜೀವಶಾಸ್ತ್ರದಲ್ಲಿ ಪದವಿ ಪಡೆದವನು. ಆದರೆ ಶಿಷ್ಯನಾಗಲು ದೋಣಿ ಹತ್ತಿದ ದಿನ ಆ ವಿದ್ಯೆಯನ್ನು ಚಪ್ಪಲಿಯ ಜೊತೆ ದಡದಲ್ಲೇ ಬಿಟ್ಟು ಬಂದಿದ್ದ.

ಅವನಿಗೆ ಬೇಕಿದ್ದದ್ದು ದೀಕ್ಷೆ. ಬೂದಿಚಿಟ್ಟೆ ತಾನಾಗಿ ಬಂದು ಮೈಮೇಲೆ ಕೂತವನಿಗೆ ಮಾತ್ರ ದೀಕ್ಷೆ ಎಂದು ಗುರುಗಳು ಎಂದೋ ಹೇಳಿದ್ದರು. ಗಜಾನನ ವರ್ಷಗಟ್ಟಲೆ ಕದಲದೆ ಕೂತ. ಅವನ ಮೇಲೆ ಸೊಳ್ಳೆ ಕೂತಿತು, ನೊಣ ಕೂತಿತು. ಚಿಟ್ಟೆ ಕೂರಲಿಲ್ಲ.

ಗುರುಗಳು ಮಿತಭಾಷಿ. ಆಡಿದ ಮಾತಿಗಿಂತ ಆಡದ ಮಾತಿಗೇ ಹೆಸರಾದವರು. ಹಿಂದೊಮ್ಮೆ ಯಾರೋ ಬಂದು, “ದೇವರು ಇದ್ದಾನೆಯೇ?” ಎಂದು ಕೇಳಿದಾಗ, ಎದುರಿಗಿದ್ದ ಗಂಜಿಯ ಪಾತ್ರೆಯನ್ನು ಎತ್ತಿ ಮರಳಿಗೆ ಸುರಿದಿದ್ದರು. ಅಲ್ಲಿದ್ದವರೆಲ್ಲ ಕಾಲಿಗೆ ಬಿದ್ದರು. ಆ ದಿನ ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಮಲಗಿ, ಬಹಳ ಅರ್ಥವಾಯಿತು ಎಂದು ಹೇಳಿಕೊಂಡರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಸ್ನಾನಕ್ಕೆ ಇಳಿದ ಗುರುಗಳ ಪಾದಕ್ಕೆ ಬಂಡೆಗೆ ಅಂಟಿದ್ದ ಚಿಪ್ಪು ತಾಗಿ ಗಾಯವಾಯಿತು. ತಾವೇ ಒಂದು ಬಟ್ಟೆ ಸುತ್ತಿಕೊಂಡರು. ದೊಡ್ಡ ವಿಷಯವೇನಲ್ಲ.

ಸ್ವಲ್ಪ ದಿನಕ್ಕೆ ಚಿಟ್ಟೆಗಳು ಬಂದವು.

ಮೊದಲು ಒಂದೆರಡು. ಆಮೇಲೆ ಪಾದ ಕಾಣದಷ್ಟು. ಒಣ ಎಲೆ ತಿರುವಿದಂಥ ಸಣ್ಣ ಸಪ್ಪಳ. ಎಲ್ಲವೂ ಒಟ್ಟಿಗೆ ರೆಕ್ಕೆ ಬಿಚ್ಚಿದಾಗ ಆ ಕಾಲು ಕಣ್ಣು ತೆರೆದು ನೋಡಿದಂತೆ ಕಾಣುತ್ತಿತ್ತು. ಮುಚ್ಚಿದಾಗ ಬರೀ ಬೂದಿ.

ಸುದ್ದಿ ದಡಕ್ಕೆ ಮುಟ್ಟಿತು. ಅಂಬಿಗ ದುರ್ಗಯ್ಯನ ದೋಣಿ ಜನರನ್ನು ಹೊತ್ತು ಹೊತ್ತು ತರತೊಡಗಿತು.

“ಗುರುಗಳೇ, ಅವು ನಿಮ್ಮ ಬಳಿಗೇ ಯಾಕೆ ಬರುತ್ತವೆ?” ಎಂದು ಗಜಾನನ ಕೇಳಿದ.

“ನಾನು ಕೊಳೆಯುತ್ತಿದ್ದೇನೆ.”

ಗಜಾನನನಿಗೆ ಮೈ ಜುಮ್ಮೆಂದಿತು. ದೇಹ ನಶ್ವರ ಎಂದು ಹಲವರು ಹೇಳಿದ್ದನ್ನು ಕೇಳಿದ್ದ. ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

“ನಾವೆಲ್ಲರೂ ಅಲ್ಲವೇ, ಗುರುಗಳೇ?”

“ನೀನು ಚೆನ್ನಾಗಿದ್ದೀಯ. ನಾನು ಹೇಳುತ್ತಿರುವುದು ನನ್ನ ಕಾಲಿನ ವಿಷಯ.”

ಅವನು ಕೈಮುಗಿದು, ಅದನ್ನೇ ಮನನ ಮಾಡುತ್ತ ಹೋದ.

ಬಂದ ಹೆಂಗಸೊಬ್ಬಳು ಲಾಡು ನೀಡಿದಳು.

“ಬೇಡ ತಾಯಿ. ಸಿಹಿ ನನಗೆ ವಿಷ. ಪೇಟೆಯ ಡಾಕ್ಟರು ಹೇಳಿದ್ದಾರೆ.”

“ಕೇಳಿದೆಯೇನೇ?” ಎಂದು ಅವಳು ಪಕ್ಕದವಳನ್ನು ತಿವಿದಳು. “ಸಂಸಾರದ ಸಿಹಿ. ಅದನ್ನೇ ಹೇಳಿದ್ದು.”

“ನೋವಿಲ್ಲವೇ ಸ್ವಾಮಿ?” ಎಂದರು ಯಾರೋ.

“ಇಲ್ಲ. ಅದೇ ನನಗೆ ಭಯ. ಕಾಲು ಇರುವುದೇ ಗೊತ್ತಾಗುತ್ತಿಲ್ಲ.”

ಜನ ಉದ್ದಂಡ ನಮಸ್ಕಾರ ಹಾಕಿದರು. ಧೂಪದ ಹೊಗೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಭಾರವಾದ, ಸಿಹಿಯಾದ ವಾಸನೆ. ಭಕ್ತರು ಮೂಗರಳಿಸಿ ಅದನ್ನು ಎಳೆದುಕೊಂಡರು.

ಆ ಸಂಜೆ ಗುರುಗಳು ಗಜಾನನನನ್ನು ಹತ್ತಿರ ಕರೆದರು. ಹಣೆ ಸುಡುತ್ತಿತ್ತು.

“ನನ್ನನ್ನು ಆಚೆ ದಡಕ್ಕೆ ಕರೆದುಕೊಂಡು ಹೋಗು.”

ಗಜಾನನನ ಕಣ್ಣು ತುಂಬಿ ಬಂತು. “ನಾನು ನಿಮ್ಮನ್ನು ದಾಟಿಸುವುದೇ? ನೀವಲ್ಲವೇ ನನ್ನನ್ನು ದಾಟಿಸಬೇಕಾದವರು?”

ಗುರುಗಳು ಗೋಡೆಯ ಕಡೆ ತಿರುಗಿ ಮಲಗಿದರು.

ಮರುದಿನ ಅಲೆ ಒಂದು ಸತ್ತ ಕಡಲಾಮೆಯನ್ನು ದ್ವೀಪದ ದಡಕ್ಕೆ ತಂದು ಹಾಕಿತ್ತು. ಅದರ ಮೇಲೂ ಬೂದಿಚಿಟ್ಟೆ. ತಲೆ, ಕಾಲು, ಕಣ್ಣಿನ ಗುಳಿ ಎಲ್ಲ ಮುಚ್ಚಿಹೋಗಿತ್ತು. ಚಿಪ್ಪು ಮೆಲ್ಲಗೆ ಉಸಿರಾಡುತ್ತಿದ್ದಂತೆ ಕಂಡಿತು. ಉಸಿರಾಡುತ್ತಿದ್ದದ್ದು ರೆಕ್ಕೆಗಳು.

“ಪುಣ್ಯದ ಆಮೆ,” ಎಂದ ದುರ್ಗಯ್ಯ, ಕೈಮುಗಿದು.

ಗಜಾನನನೂ ಕೈಮುಗಿದ.

ಆಶ್ರಮಕ್ಕೆ ಬಂದರೆ ಗುರುಗಳು ಒಳಗೆ ಮಲಗಿದ್ದರು. ಅವರು ದಿನಾ ಕೂರುವ ಕಲ್ಲು ಖಾಲಿ. ಆದರೆ ಕಲ್ಲಿನ ಮೇಲೆ ಚಿಟ್ಟೆಗಳು ಹಾಗೇ ಕೂತಿದ್ದವು. ಪಾದವಿರಲಿಲ್ಲ, ಪಾದದ ಆಕಾರವಿತ್ತು. ಎಲ್ಲವೂ ಒಟ್ಟಿಗೆ ಕಣ್ಣು ಬಿಟ್ಟು ಅವನನ್ನು ನೋಡಿದವು.

ಅವನು ಕೈ ಹಾಕಿದ. ಅವು ಎದ್ದವು. ಕೆಳಗೆ ಇದ್ದದ್ದು ಗುರುಗಳು ಬಿಚ್ಚಿಟ್ಟ ಕಾಲಿನ ಬಟ್ಟೆ.

ಮೂಗಿನ ಹತ್ತಿರ ತಂದ. ದಡದಲ್ಲಿ ಬಿಟ್ಟು ಬಂದಿದ್ದ ವಿದ್ಯೆಯೆಲ್ಲ ಒಂದೇ ಸಲ ಹಿಂದಕ್ಕೆ ಬಂತು.

ಒಳಗೆ ಓಡಿದ. ಪಾದ ಕಪ್ಪಾಗಿತ್ತು. ಕಪ್ಪು ಕಣಕಾಲನ್ನು ದಾಟಿ ಮೇಲಕ್ಕೆ ಹತ್ತಿತ್ತು.

“ಗುರುಗಳೇ! ಯಾಕೆ ಹೇಳಲಿಲ್ಲ?”

“ಹೇಳಿದೆನಲ್ಲ.”

“ಹೇಳಿದಿರಿ. ಆದರೆ ನೀವು ಹೇಳುವುದಕ್ಕೆ ಯಾವಾಗಲೂ ಬೇರೆ ಅರ್ಥ ಇರುತ್ತಿತ್ತು.”

“ಆ ಗಂಜಿ ನೆನಪಿದೆಯಾ?”

“ನೆನಪಿಲ್ಲದೆ? ಇರುವುದನ್ನೆಲ್ಲ ಚೆಲ್ಲಿದ ಮೇಲೆ ಉಳಿಯುವುದೇ ದೇವರು ಎಂದು—”

“ಇಲಿ ಬಿದ್ದಿತ್ತು, ಮಾರಾಯ.”



“ಆವತ್ತೇ ಹೇಳಬಹುದಿತ್ತು,” ಎಂದ ಗಜಾನನ.

“ಅಷ್ಟರಲ್ಲಿ ಎಲ್ಲರೂ ಕಾಲಿಗೆ ಬಿದ್ದಿದ್ದಿರಿ. ಹಿತವಾಗಿತ್ತು.”

ಗಜಾನನ ಹೊಸ ಬಟ್ಟೆ ಹರಿದು ಗಾಯಕ್ಕೆ ಸುತ್ತಿದ. ಕೈ ತೊಳೆಯುವಷ್ಟೂ ತಡೆಯಲಿಲ್ಲ. ಗುರುಗಳನ್ನು ಎತ್ತಿಕೊಂಡು ದೋಣಿಗೆ ಓಡಿದ.

“ಗುರುಗಳನ್ನು ದ್ವೀಪದಿಂದ ಒಯ್ಯುವುದಾ?” ಎಂದ ದುರ್ಗಯ್ಯ. “ಚಿಟ್ಟೆ ಬರುತ್ತವಾ ಆಸ್ಪತ್ರೆಗೆ?”

“ಬರದಿರಲಿ ಅಂತಲೇ ಹೋಗುತ್ತಿರುವುದು. ಹುಟ್ಟು ಹಾಕು!”

ಚಿಟ್ಟೆಗಳು ದೋಣಿಯ ಜೊತೆಗೇ ಬಂದವು. ಹೊಸ ಬಟ್ಟೆಯ ಮೇಲೆ ಕೂತು, ಎದ್ದು, ಮತ್ತೆ ಕೂತವು. ದುರ್ಗಯ್ಯ ಹುಟ್ಟು ಹಾಕುತ್ತಲೇ ಏನೋ ಜಪಿಸುತ್ತಿದ್ದ. ಬಂಡೆಸಾಲು ಬಂತು. ಯಾರೋ ಕರೆದ ಹಾಗೆ ಅವು ಒಟ್ಟಿಗೆ ಎದ್ದವು. ತೆಳ್ಳನೆಯ ಹೊಗೆಯಂತೆ ದ್ವೀಪದ ಕಡೆ ತಿರುಗಿ ಹೋದವು.

ಒಂದು ಹೋಗಲಿಲ್ಲ.

ಅದು ಬಂಡೆಸಾಲನ್ನು ದಾಟಿತು. ಗುರುಗಳ ಸುತ್ತ ಒಮ್ಮೆ ಹಾರಿ, ಗಜಾನನನ ಬಲಗೈ ಮೇಲೆ ಬಂದು ಕೂತಿತು. ರೆಕ್ಕೆ ತೆರೆದು ಅವನನ್ನು ನೋಡಿತು.

ದುರ್ಗಯ್ಯನ ಹುಟ್ಟು ನಿಂತುಹೋಯಿತು. “ಕೂತಿತು! ನಿಮಗೂ ಕೂತಿತು!” ಎಂದು ಹುಟ್ಟು ಬಿಟ್ಟು ಕೈಮುಗಿದ.

ದೋಣಿ ಕಡಲ ನಡುವೆ ಸುಮ್ಮನೆ ತೂಗಿತು.

ಆ ಕೈ ಈಗಷ್ಟೇ ಕೀವಿನ ಗಾಯ ಕಟ್ಟಿದ ಕೈ. ಚಿಟ್ಟೆ ಯಾಕೆ ಕೂತಿದೆ ಎಂದು ಗಜಾನನನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೈ ಅಲುಗಿಸಲಿಲ್ಲ. ಉಸಿರನ್ನೂ ಹಿಡಿದ. ಚಿಟ್ಟೆಯ ನಾಲಿಗೆ ದಾರದ ಎಳೆಯಂತೆ ಬಿಚ್ಚಿಕೊಂಡು, ತಣ್ಣಗೆ, ಅವನ ಬೆರಳ ಸಂದಿಯಲ್ಲಿ ಹುಡುಕತೊಡಗಿತು.

ಗುರುಗಳ ತುಟಿ ಒಣಗಿ ಸೀಳಿತ್ತು. ನೀರಿನ ತಂಬಿಗೆ ಗಜಾನನನ ಬಲಗೈ ಪಕ್ಕದಲ್ಲೇ ಇತ್ತು.

“ನೀರು,” ಎಂದರು ಗುರುಗಳು.

ಗಜಾನನ ಕೈಯನ್ನು ನೋಡಿದ. ತಂಬಿಗೆಯನ್ನು ನೋಡಿದ. ಮತ್ತೆ ಕೈಯನ್ನು ನೋಡಿದ. ಚಿಟ್ಟೆ ಇನ್ನೂ ಕೂತಿತ್ತು. ಅವನು ಮೆಲ್ಲಗೆ ಕಣ್ಣು ಮುಚ್ಚಿದ.

“ನೀರು,” ಎಂದು ತಾನೂ ಅಂದ, ಪಿಸುದನಿಯಲ್ಲಿ. “ಕೊನೆಗೆ ಎಲ್ಲವೂ ನೀರೇ. ಅಲ್ಲವೇ, ಗುರುಗಳೇ?”

“ಕುಡಿಯಲಿಕ್ಕೆ,” ಎಂದರು ಗುರುಗಳು.