ಐದು ಪದ ನುಂಗಿದ ಆಟಗಾರ

೨೦೧೧ರ ಆಗಸ್ಟ್ ೯, ಮಂಗಳವಾರ. ನನ್ನ ಹಳೆಯ ದಿನಚರಿಯಲ್ಲಿ ಈ ಕತೆ ಈ ತಾರೀಖಿನ ಕೆಳಗಿದೆ. ಆ ಸಂಜೆ ಆಶ್ರಮದಲ್ಲಿ ಪಾಠ ಮುಗಿದ ಮೇಲೆ ಬಸವಂತನೆಂಬ ಶಿಷ್ಯ ಕೇಳಿದ: “ಗುರುಗಳೇ, ಆಸೆಗೆ ಬಿದ್ದು ಆಡಿದ ಸುಳ್ಳು ತಪ್ಪು, ಒಪ್ಪಿದೆ. ಹೆದರಿ ಆಡಿದ್ದೂ ತಪ್ಪೇ?”

ಗುರುಗಳು ಸನ್ಯಾಸಕ್ಕೆ ಮುಂಚೆ ಸೇನೆಯಲ್ಲಿದ್ದವರು, ಅಲ್ಲಿ ರಗ್ಬಿ ಆಡಿದವರು. ಅವರು ಹೇಳಿದರು:

ಒಬ್ಬ ತರುಣ ಆಟಗಾರನಿದ್ದ. ವಯಸ್ಸು ಹತ್ತೊಂಬತ್ತು. ರಗ್ಬಿಯಲ್ಲಿ ಚೆಂಡನ್ನು ಎದೆಗವಚಿಕೊಂಡು ಓಡಬೇಕು. ಎದುರಿನವರು ಮೇಲೆ ಬಿದ್ದು ಕೆಡವುತ್ತಾರೆ. ಇವನನ್ನು ಕೆಡವಲು ಮೂವರು ಸಾಲುತ್ತಿರಲಿಲ್ಲ. ದೊಡ್ಡ ತಂಡವೊಂದು ಅವನನ್ನು ಸೇರಿಸಿಕೊಂಡಿತು. ದೇಶದ ತಂಡವನ್ನು ಆರಿಸುವವರ ಕಣ್ಣೂ ಅವನ ಮೇಲೆ ಬಿತ್ತು. ಅಂದಿನಿಂದ ಅವನಿಗೆ ಒಂದೇ ಹೆದರಿಕೆ: ಒಮ್ಮೆ ಹೊರಗೆ ಕೂತರೆ ತನ್ನ ಜಾಗ ಬೇರೆಯವರ ಪಾಲು.

ಆ ತಂಡದಲ್ಲಿ ಒಂದು ಕ್ರಮವಿತ್ತು. ವರ್ಷದ ಆಟಗಳು ಶುರುವಾಗುವ ಮುಂಚೆ ವೈದ್ಯರು ಪ್ರತಿಯೊಬ್ಬನಿಗೂ ಹತ್ತು ಪದ ಓದಿ ಹೇಳುವರು. ಅವನು ಎಷ್ಟನ್ನು ತಿರುಗಿ ಹೇಳಿದನೆಂದು ಬರೆದಿಡುವರು. ಮುಂದೆ ಅವನ ತಲೆಗೆ ಪೆಟ್ಟು ಬಿದ್ದರೆ ಬೇರೆ ಹತ್ತು ಪದ. ಮೊದಲಿಗಿಂತ ಕಡಿಮೆ ಹೇಳಿದರೆ ವಾರಗಟ್ಟಲೆ ಆಡುವಂತಿಲ್ಲ.

ಸರದಿಗೆ ಕಾಯುವಾಗ ಹಿರಿಯ ಆಟಗಾರನೊಬ್ಬ ಇವನನ್ನು ಪಕ್ಕಕ್ಕೆ ಕರೆದ.

“ತಮ್ಮಾ, ಇವತ್ತು ಜಾಣತನ ತೋರಿಸಬೇಡ. ಹತ್ತೂ ನೆನಪಿದ್ದರೂ ಐದೇ ಹೇಳು. ನಾಳೆ ತಲೆ ಗಿರ್ರೆಂದಾಗಲೂ ಐದು ಬಂದರೆ ಸಾಕು, ನೆಟ್ಟಗಿದ್ದೀಯ ಅಂತ ಒಳಗೆ ಬಿಡುತ್ತಾರೆ.”

“ಐದೇ ಹೇಳಿದರೆ ನನ್ನನ್ನು ದಡ್ಡ ಅಂದುಕೊಳ್ಳುವುದಿಲ್ಲವೇ ಅಣ್ಣ?”

“ತಲೆ ಕೊಟ್ಟು ಗುದ್ದುವ ಆಟಕ್ಕೆ ಬಂದಿದ್ದೀಯ. ಅವರು ಆಗಲೇ ಅಂದುಕೊಂಡಾಗಿದೆ.”

ಆಟಗಾರ ನಕ್ಕ. ಒಳಗೆ ಹೋಗಿ ಐದು ಹೇಳಿದ. ಉಳಿದ ಐದು ನಾಲಿಗೆಯ ತುದಿಯಲ್ಲಿದ್ದವು, ನುಂಗಿಕೊಂಡ.

ಎರಡು ತಿಂಗಳು ಅವನನ್ನು ಹಿಡಿಯುವವರಿರಲಿಲ್ಲ. ಮೂರನೆಯ ತಿಂಗಳು ಎದುರಾಳಿಯೊಬ್ಬನನ್ನು ಕೆಡವಲು ಹೋದಾಗ ಆತನ ಮಂಡಿ ಇವನ ಕಣತಲೆಗೆ ಬಡಿಯಿತು. ಮೈದಾನ ಒಂದು ಕಡೆಗೆ ವಾಲಿದಂತಾಯಿತು. ವೈದ್ಯರು ಅಂಚಿಗೆ ಕರೆದು ಹತ್ತು ಪದ ಓದಿದರು. ಅವನು ಐದು ಹೇಳಿದ. ಅವರು ಹಳೆಯ ಬರಹ ನೋಡಿ, “ಸರಿಯಾಗಿದ್ದೀಯ, ಹೋಗು” ಎಂದರು.

ಗೆರೆ ದಾಟಿ ಒಳಗೆ ಕಾಲಿಡುವಾಗ ಅವನಿಗೆ ಹೊಳೆಯಿತು. ಈ ಸಲ ಅವನು ಏನನ್ನೂ ನುಂಗಿರಲಿಲ್ಲ. ಗಾಬರಿಯಲ್ಲಿ ಉಪಾಯವನ್ನು ಮರೆತು ಹತ್ತನ್ನೂ ಹೇಳಲು ಹೆಣಗಿದ್ದ. ಬಂದದ್ದು ಐದೇ.

ಹಿಂದಿರುಗಿ ಹೇಳಬಹುದಿತ್ತು. ವೈದ್ಯರು ನಾಲ್ಕು ಹೆಜ್ಜೆ ಆಚೆಗಿದ್ದರು. ಹೇಳಿದರೆ ಮೊದಲಿನ ಸುಳ್ಳು ಹೊರಬೀಳುತ್ತದೆ, ಜಾಗವೂ ಹೋಗುತ್ತದೆ. ಅವನು ಆಡಿದ.

ಮರುದಿನ ಕೋಣೆಯ ಬಾಗಿಲು ಹಾಕಿಕೊಂಡು, ಜೊತೆಗೆ ಓದಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಂಡು ನೋಡಿದ. ಕೆಲವು ಬರಲಿಲ್ಲ. ನಾಳೆ ಬಂದಾವು ಎಂದುಕೊಂಡ. ಮರುದಿನ ಇನ್ನೂ ಒಂದು ಹೆಸರು ಹೋಗಿತ್ತು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಯಾರಾದರೂ “ಹೇಗಿದ್ದೀಯ?” ಎಂದರೆ “ಚೆನ್ನಾಗಿದ್ದೇನೆ” ಎನ್ನುತ್ತಿದ್ದ.

ಎಂಟನೆಯ ದಿನ ಮತ್ತೆ ಮೈದಾನಕ್ಕಿಳಿದ. ಅಂದು ಬಿದ್ದದ್ದು ಸಣ್ಣ ಪೆಟ್ಟು. ಯಾರದೋ ಹೆಗಲು ತಲೆಗೆ ತಾಗಿತು, ಅಷ್ಟೇ. ಕೆಳಗೆ ಬಿದ್ದವನು ತಾನಾಗಿ ಏಳಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬಸವಂತ “ಅವನು ಮೋಸಗಾರನಲ್ಲ ಗುರುಗಳೇ, ಹೆದರಿದ್ದ” ಎಂದ.

“ಹೌದು, ಹೆದರಿದ್ದ. ಈಗ ಅವನಿಗೆ ಇಪ್ಪತ್ತಾರು, ಊಟ ಬಡಿಸುವ ತಾಯಿಯನ್ನು ದಿನವೂ ‘ನೀವು ಯಾರು?’ ಎಂದು ಕೇಳುತ್ತಾನೆ.”