ಸಾಕುಬಾರಪ್ಪನ ಕೆರೆ

ಬಿದರಗುಂಟೆಯಿಂದ ಕೊಂಡಸಂದ್ರಕ್ಕೆ ಹೋಗುವ ಬಸ್ಸು ಊರು ಸಿಗುವ ಮುಂಚೆ ಒಂದು ಉದ್ದನೆಯ ಕೆರೆ ಏರಿಯ ಮೇಲೆ ಹಾದು ಹೋಗುತ್ತದೆ. ಎಡಗಡೆ ಕೂತವರಿಗೆ ನೀರಿನ ನಡುವೆ, ದಡದಿಂದ ಸಾಕಷ್ಟು ದೂರದಲ್ಲಿ, ಎರಡು ಕಲ್ಲುಕಂಬಗಳು ಜೋಡಿಯಾಗಿ ನಿಂತಿರುವುದು ಕಾಣುತ್ತದೆ. ಹೊಸಬರು ಅದು ಮುಳುಗಿದ ಯಾವುದೋ ಗುಡಿಯೆಂದುಕೊಂಡು ಕೈಮುಗಿಯುತ್ತಾರೆ. ಮುಗಿಯಲಿ ಬಿಡಿ, ಮುಗಿದ ಕೈಗೆ ನಷ್ಟವೇನಿಲ್ಲ. ಸರ್ಕಾರದ ಫಲಕದಲ್ಲಿ ಕೊಂಡಸಂದ್ರ ದೊಡ್ಡಕೆರೆ ಎಂದು ಬರೆದಿದೆಯಾದರೂ ಸುತ್ತಲಿನ ಯಾವ ಊರಿನವರನ್ನು ಕೇಳಿದರೂ ಸಾಕುಬಾರಪ್ಪನ ಕೆರೆ ಎಂದೇ ಹೇಳುತ್ತಾರೆ. ಸಾಕುಬಾರಪ್ಪ ಯಾರೋ ಪಾಳೇಗಾರನಿರಬೇಕು, ಕೆರೆ ಕಟ್ಟಿಸಿದ ಪುಣ್ಯಾತ್ಮನಿರಬೇಕು ಎಂದು ಒಬ್ಬ ಮೇಷ್ಟರು ಶಾಸನ ಹುಡುಕಿಕೊಂಡು ಬಂದು ಮೂರು ದಿನ ಬಿಸಿಲಲ್ಲಿ ಕಲ್ಲು ತಿಕ್ಕಿ ಹೋದರು, ಪಾಪ. ಆ ಹೆಸರಿನ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಲೇ ಇಲ್ಲ. ಹುಟ್ಟಿ ಬೆಳೆದು ಹೋದವನ ಹೆಸರು ಸೊಣ್ಣಪ್ಪ.

ಹಿಂದೆ ಒಮ್ಮೆ, ಸ್ವಾತಂತ್ರ್ಯ ಬಂದು ಹತ್ತು ವರ್ಷ ತುಂಬದ ಕಾಲದಲ್ಲಿ, ಬಿದರಗುಂಟೆಗೂ ಕೊಂಡಸಂದ್ರಕ್ಕೂ ಒಂದೊಂದು ಕಾಲೇಜು ಬಂದಿತ್ತು. ಊರುಗಳು ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಬಿದರಗುಂಟೆಯ ಕೆರೆ ಮೇಲೆ, ಕೊಂಡಸಂದ್ರದ ಕೆರೆ ಕೆಳಗೆ. ಮೇಲಿನದು ತುಂಬಿ ಕೋಡಿ ಹರಿದರೆ ಮಾತ್ರ ಕೆಳಗಿನದಕ್ಕೆ ನೀರು. ಹೀಗಾಗಿ ಮೇಲಿನವರಿಗೆ ಕೊಬ್ಬು, ಕೆಳಗಿನವರಿಗೆ ಹೊಟ್ಟೆಯುರಿ. ಈ ಜಗಳಕ್ಕೆ ಕಾಲೇಜು ಹುಡುಗರು ಚರ್ಮದ ಚೆಂಡೊಂದನ್ನು ತಂದು ಹೊಸ ಕಾಲು ಕೊಟ್ಟರು. ವರ್ಷಕ್ಕೊಂದು ಫುಟ್‌ಬಾಲ್ ಪಂದ್ಯ, ಗೆದ್ದವರಿಗೆ ಒಂದು ಹಿತ್ತಾಳೆ ಶೀಲ್ಡು. ಎರಡೂ ಊರಲ್ಲಿ ಅಷ್ಟು ದೊಡ್ಡ ಬಯಲಿಲ್ಲದ್ದರಿಂದ ಆಟವೆಲ್ಲ ಒಣಗಿದ ಕೊಂಡಸಂದ್ರ ಕೆರೆಯ ಅಂಗಳದಲ್ಲೇ ನಡೆಯುತ್ತಿತ್ತು. ಮರದ ಗೋಲುಕಂಬಗಳು ರಾತ್ರೋರಾತ್ರಿ ಯಾರದೋ ಒಲೆ ಸೇರುತ್ತಿದ್ದವೆಂದು ಕೊಂಡಸಂದ್ರದ ಕಾಲೇಜಿನವರು ಕಲ್ಲುಕಂಬ ತಂದು ಹೂಳಿಸಿದರು. ಗಂಗಮ್ಮ ಮಲಗುವ ಜಾಗದಲ್ಲಿ ಕಲ್ಲು ನೆಡಬಾರದೆಂದು ಹಿರಿಯರು ಗೊಣಗಿದರು. ಗೊಣಗುವುದು ಹಿರಿಯರ ಕೆಲಸ, ಕೇಳದಿರುವುದು ಕಿರಿಯರ ಕೆಲಸ. ಆ ಕೆಲಸ ಎರಡೂ ಕಡೆ ಚೆನ್ನಾಗಿಯೇ ನಡೆಯಿತು.

ಇಲ್ಲಿ ಒಂದು ಹಳೆಯ ಕಟ್ಟಳೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬಿದರಗುಂಟೆಯ ಏರಿಯ ಮೇಲೆ ನೀರುಗಂಟಿಯ ಗುಡಿಸಲಿನಲ್ಲಿ ಒಂದು ನಗಾರಿ ಇತ್ತು. ನೀರುಗಂಟಿ ಎಂದರೆ ಕೆರೆಯ ತೂಬು, ಏರಿ, ನೀರು ಎಲ್ಲವನ್ನೂ ಕಾಯುವವನು. ಮೇಲಿನ ಕೆರೆಯಿಂದ ನೀರು ನುಗ್ಗುವ ಹೊತ್ತಿಗೆ ಅವನು ಆ ನಗಾರಿ ಬಾರಿಸಬೇಕು. ಎರಡು ಗಿಡ್ಡ ಪೆಟ್ಟು, ಒಂದು ಉದ್ದನೆಯ ಪೆಟ್ಟು. ಅದು ಕೇಳಿದ ಕೂಡಲೇ ಕೆಳಗಿನ ಕೆರೆಯಂಗಳದಲ್ಲಿ ದನ ಮೇಯಿಸುವವರು, ಕರಬೂಜ ಬೆಳೆದವರು, ಎಲ್ಲರೂ ಕೈಲಿದ್ದದ್ದನ್ನು ಬಿಟ್ಟು ಏರಿ ಹತ್ತಬೇಕು. ಕೊನೆಯವನು ಹತ್ತಿದ ಮೇಲೆ ಕೊಂಡಸಂದ್ರದವರು ಕೊಂಬು ಊದಬೇಕು. ಕೊಂಬು ಕೇಳುವ ತನಕ ನಗಾರಿ ನಿಲ್ಲಿಸುವಂತಿಲ್ಲ. ಎರಡೂ ಊರು ಕತ್ತಿ ಮಸೆಯುತ್ತಿದ್ದ ಕಾಲದಲ್ಲೂ ಈ ಮಾತಿಗೆ ಮಾತ್ರ ಯಾರೂ ತಪ್ಪಿರಲಿಲ್ಲ ಎನ್ನುತ್ತಾರೆ. ಆ ನಗಾರಿ ಮದುವೆಗೆ ಇಳಿಯಲಿಲ್ಲ, ದೇವರ ಉತ್ಸವಕ್ಕೂ ಇಳಿಯಲಿಲ್ಲ. ಅದಕ್ಕೆ ಗೊತ್ತಿದ್ದದ್ದು ನೀರಿನ ಮಾತೊಂದೇ.

ಆಗ ನೀರುಗಂಟಿಯಾಗಿದ್ದವನು ಪಿಳ್ಳಪ್ಪ, ಅವನ ಒಬ್ಬನೇ ಮಗ ಸೊಣ್ಣಪ್ಪ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಬರಿಗಾಲಲ್ಲಿ ಚೆಂಡು ಒದೆಯುತ್ತಿದ್ದ, ಮುಂದಿನ ಸಾಲಿನಲ್ಲಿ ಅವನಷ್ಟು ಓಡುವವನು ಇನ್ನೊಬ್ಬನಿರಲಿಲ್ಲ. ಆದರೂ ತಂಡದವರು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏಯ್ ನೀರುಗಂಟಿ, ಚೆಂಡು ಬಿಡೋ!" ಎನ್ನುತ್ತಿದ್ದರು. ಸೊಣ್ಣಪ್ಪ ನಗುತ್ತಲೇ ಚೆಂಡು ಬಿಡುತ್ತಿದ್ದ, ಒಳಗೇ ಬೇಯುತ್ತಿದ್ದ. ಹಿಂದಿನ ವರ್ಷ ಅವರು ಸೋತಿದ್ದರು. ಕೊಂಡಸಂದ್ರದವರು ಆಟದುದ್ದಕ್ಕೂ ತಮ್ಮ ಊರಿನ ಕೊಂಬನ್ನೇ ತಂದು ಭೋರೆಂದು ಊದಿ ಇವರ ಎದೆ ನಡುಗಿಸಿದ್ದರಂತೆ. ಈ ಸಲ ಅದಕ್ಕೆ ಸರಿಸಾಟಿ ಬೇಕೆಂದು ಹುಡುಗರು ತಲೆಗೆ ತಲೆ ಕೊಟ್ಟು ಕೂತಾಗ ಒಬ್ಬ ಸೊಣ್ಣಪ್ಪನ ಹೆಗಲ ಮೇಲೆ ಕೈ ಹಾಕಿ, "ನಿಮ್ಮಪ್ಪನ ನಗಾರಿ ತರಿಸು ಸೊಣ್ಣಪ್ಪ," ಎಂದ. ಅಂದು ಮೊದಲ ಬಾರಿಗೆ ಅವರ ಬಾಯಲ್ಲಿ ತನ್ನ ಹೆಸರು ಕೇಳಿ ಹುಡುಗ ಕರಗಿ ಹೋದ.

ಅಪ್ಪನ ಮುಂದೆ ಹೋಗಿ ಕೇಳಿದಾಗ ಪಿಳ್ಳಪ್ಪ ಮೊದಲು ಕೋಲೆತ್ತಿದ, ಆಮೇಲೆ ಮಗನ ಮುಖ ನೋಡಿದ. ಮಗ ಅಷ್ಟು ಆಸೆಪಟ್ಟು ಏನನ್ನೂ ಕೇಳಿದವನಲ್ಲ. ಆ ವರ್ಷ ಕೆಳಗಿನ ಕೆರೆಗೆ ಹನಿ ನೀರು ಹೋಗಿರಲಿಲ್ಲ, ಮೇಲಿನದು ಅರ್ಧಕ್ಕೆ ನಿಂತಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಒಂದು ಮಧ್ಯಾಹ್ನದ ಮಟ್ಟಿಗೆ ಏನಾಗುತ್ತದೆ ಎಂದು ಮುದುಕ ತನಗೆ ತಾನೇ ಹೇಳಿಕೊಂಡ. ಮಕ್ಕಳ ಮೇಲಿನ ಮಮತೆ ಎಂಥವರ ಕಣ್ಣಿಗೂ ಮಂಕುಬೂದಿ ಎರಚುತ್ತದೆ, ಪಿಳ್ಳಪ್ಪನದು ಯಾವ ಲೆಕ್ಕ! ಪಂದ್ಯದ ಹಿಂದಿನ ಸಂಜೆ ಗಾಡಿಗೆ ನಗಾರಿ ಏರಿಸುವಾಗ ಮಾತ್ರ ಮಗನ ರಟ್ಟೆ ಹಿಡಿದು ನಿಲ್ಲಿಸಿಕೊಂಡ.

"ಆಟದ ಪೆಟ್ಟು ಏನಾದ್ರೂ ಹೊಡ್ಕೊಳ್ಲಿ. ನೀರಿನ ಪೆಟ್ಟು ಮಾತ್ರ ಹೊಡೀಬಾರ್ದು. ಅಕಸ್ಮಾತ್ ಹೊಡೆಯೋ ಕಾಲ ಬಂತೂ ಅಂದ್ರೆ, ಕೊಂಬು ಕೇಳೋವರ್ಗೂ ಕೋಲು ಕೆಳಗಿಡಬೇಡ. ನಿಮ್ಮಪ್ಪನೇ ಬಂದು ಕರೆದ್ರೂ ಇಡಬೇಡ."

"ಆಗ್ಲಿ ಕಣಪ್ಪಾ, ಎಷ್ಟು ಸಲ ಹೇಳ್ತೀಯ!" ಎಂದು ಸೊಣ್ಣಪ್ಪ ಗಾಡಿ ಹತ್ತಿದ. ಅವನ ಮನಸ್ಸು ಆಗಲೇ ಕೆರೆಯಂಗಳದಲ್ಲಿತ್ತು.

ಪಂದ್ಯದ ದಿನ ಬೆಳಗ್ಗೆಯೇ, ಬಿದರಗುಂಟೆಯ ಕೆರೆಗೆ ನೀರು ಕೊಡುವ ಜಾಲಗುಡ್ಡದ ಸಾಲಿನ ಹಿಂದೆ ಮೋಡ ಕಟ್ಟಿತ್ತು. ಕೆರೆಯಂಗಳದಲ್ಲಿ ಬಿಸಿಲು, ಗುಡ್ಡದಾಚೆ ಕಾಡಿಗೆ ಕಪ್ಪು. ಕೊಂಡಸಂದ್ರದ ದನಗಳು ಅಂದು ಏರಿ ಇಳಿಯಲೊಲ್ಲದೆ ಮೇಲೇ ನಿಂತು ಬುಸುಗುಟ್ಟಿದವು ಎನ್ನುತ್ತಾರೆ. ಇರುವೆಗಳು ಬಿಳಿಯ ಮೊಟ್ಟೆ ಕಚ್ಚಿಕೊಂಡು ಗೋಲುಕಂಬದ ಮೇಲಕ್ಕೆ ಸಾಲುಗಟ್ಟಿದ್ದವು. ಸೊಣ್ಣಪ್ಪ ಅದನ್ನು ನೋಡಿದ. ನೀರುಗಂಟಿಯ ಮಗನಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅಷ್ಟರಲ್ಲಿ ರೆಫರಿ ಸೀಟಿ ಊದಿದರು, ಅವನ ತಂಡದವರು "ಸೊಣ್ಣಪ್ಪಾ, ಬಾರೋ!" ಎಂದು ಕೂಗಿದರು. ಆ ಕೂಗಿನ ಮುಂದೆ ಇರುವೆ ಯಾವ ಲೆಕ್ಕ.

ಬಿದರಗುಂಟೆಯವರು ನಗಾರಿಗೆ ಮೊದಲ ಪೆಟ್ಟು ಕೊಟ್ಟದ್ದೇ ತಡ, ಆಟ ನೋಡಲು ಕೂತಿದ್ದ ಕೊಂಡಸಂದ್ರದ ಮುದುಕರು ಮುದುಕಿಯರೆಲ್ಲ ಧಡಕ್ಕನೆ ಎದ್ದು ಏರಿಯ ಕಡೆ ಓಡಿದರು. ಹುಟ್ಟಿದಂದಿನಿಂದ ಕಾಲಿಗೆ ಬಂದ ಅಭ್ಯಾಸ ಅದು. ಎಲ್ಲರಿಗಿಂತ ಮುಂದೆ ಓಡಿದವಳು ಅಕ್ಕಾಯಮ್ಮ, ಕೆರೆಯಂಗಳದಲ್ಲಿ ಕರಬೂಜ ಬೆಳೆಯುತ್ತಿದ್ದ ಮುದುಕಿ. ಬುಟ್ಟಿಯ ಹಣ್ಣೆಲ್ಲ ದಾರಿಯುದ್ದಕ್ಕೂ ಉರುಳಿತು. ಎರಡೂ ಊರಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೊಂದು ವಿಷಯದಲ್ಲಿ ಅಂದು ಅವರಿಗೆ ಜಗಳವಿರಲಿಲ್ಲ. "ಅಜ್ಜಿ, ನೀರು ಬಂತು, ಸೀರೆ ಎತ್ಕೋ!" ಎಂದು ಯಾವನೋ ಕೂಗಿದ. ಅಕ್ಕಾಯಮ್ಮ ಮುಖ ಕೆಂಪಗೆ ಮಾಡಿಕೊಂಡು ಹಣ್ಣು ಆರಿಸುತ್ತ ಬಂದು ಮತ್ತೆ ಕೂತಳು. ಸೊಣ್ಣಪ್ಪನಿಗೆ ಮಾತ್ರ ನಗು ಬರಲಿಲ್ಲ.

ಆಮೇಲೆ ಚೆಂಡು ಮುಂದೆ ಹೋದಾಗಲೆಲ್ಲ ನಗಾರಿ, ಹಿಂದೆ ಬಂದಾಗಲೆಲ್ಲ ಕೊಂಬು. ಕೊಂಬು ಊದುತ್ತಿದ್ದವನು ರುದ್ರಾಚಾರಿ ಎಂಬ ಕೊಂಡಸಂದ್ರದ ವಿದ್ಯಾರ್ಥಿ, ಕೆನ್ನೆ ಉಬ್ಬಿಸಿಕೊಂಡು ಬಿಡುವಿಲ್ಲದೆ ಊದಿದ. ಮುದುಕರು ಎರಡನೇ ಸಲ ಅರ್ಧ ಎದ್ದರು, ಮೂರನೇ ಸಲ ಬರೀ ಕತ್ತು ತಿರುಗಿಸಿದರು, ಆಮೇಲೆ ಎಲೆಯಡಿಕೆ ಮೆಲ್ಲುತ್ತ ಕೂತರು. ತಲೆತಲಾಂತರದಿಂದ ಬಂದ ಭಯ ಒಂದು ಮಧ್ಯಾಹ್ನದಲ್ಲಿ ಸವೆದು ಹೋಯಿತು. ಆಟ ಸಮಸಮ ನಡೆದಿತ್ತು, ಒಂದಕ್ಕೆ ಒಂದು ಗೋಲು. ಗುಡ್ಡದ ಕಡೆಯಿಂದ ತಣ್ಣನೆಯ ಗಾಳಿ ಬಂತು. ಎಲ್ಲರೂ ಆಹಾ ಎಂದರು.

ಆಟ ಮುಗಿಯುವ ಹೊತ್ತಾಗಿತ್ತು. ಸೊಣ್ಣಪ್ಪನ ಕಾಲಿಗೆ ಚೆಂಡು ಸಿಕ್ಕಿತು. ಇಬ್ಬರನ್ನು ದಾಟಿದ, ಗೋಲು ಕಾಯುತ್ತಿದ್ದವನು ಕಾಲು ಜಾರಿ ಬಿದ್ದ, ಮುಂದೆ ಎರಡು ಕಲ್ಲುಕಂಬದ ನಡುವೆ ಬಯಲೇ ಬಯಲು. ಒಂದು ಒದೆತ ಸಾಕಿತ್ತು, ಹುಟ್ಟಿದ್ದಕ್ಕೂ ಸಾರ್ಥಕವಾಗುತ್ತಿತ್ತು. ಅದೇ ಕ್ಷಣದಲ್ಲಿ ಕಂಬಗಳ ನಡುವಿನಿಂದ ದೂರದ ಏರಿಯ ಮೇಲೆ ಅವನಿಗೆ ಒಬ್ಬ ಮನುಷ್ಯ ಕಂಡ. ಪಂಚೆ ಕೆಸರಾಗಿತ್ತು, ತಲೆಯ ಮೇಲೆ ರುಮಾಲಿರಲಿಲ್ಲ, ಎರಡೂ ಕೈ ಎತ್ತಿ ಬೀಸುತ್ತಿದ್ದ. ಪಿಳ್ಳಪ್ಪ! ಗುಡ್ಡದಲ್ಲಿ ಮಳೆಯಿರುವಾಗ ಸತ್ತರೂ ತನ್ನ ಏರಿ ಬಿಟ್ಟು ಇಳಿಯದ ಅಪ್ಪ ಇಲ್ಲಿಗೆ ಓಡಿ ಬಂದಿದ್ದಾನೆಂದರೆ ಅಲ್ಲಿ ಕಾಯಲು ಏರಿಯೇ ಉಳಿದಿಲ್ಲ.

ಅವನು ಚೆಂಡನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಓಡಿದ. ಅವನ ತಂಡದವರು ತಲೆ ತಲೆ ಚಚ್ಚಿಕೊಂಡರು, "ಥೂ ನೀರುಗಂಟಿ, ಬುದ್ಧಿ ತೋರಿಸ್ದೆ!" ಎಂದರು. ಅವನು ನಗಾರಿ ಹೊಡೆಯುತ್ತಿದ್ದವರ ಕೈಯಿಂದ ಕೋಲು ಕಿತ್ತುಕೊಂಡು ಬಾರಿಸಿದ. ಎರಡು ಗಿಡ್ಡ, ಒಂದು ಉದ್ದ. ಎರಡು ಗಿಡ್ಡ, ಒಂದು ಉದ್ದ. ಜನ ನಕ್ಕರು. ಕೆಲವರು ಶಿಳ್ಳೆ ಹೊಡೆದರು. "ನೀರು! ನೀರು ಬತ್ತಾ ಇದೆ, ಏಳ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದರೂ ತಮ್ಮನ್ನು ಮತ್ತೆ ಓಡಿಸಿ ನಗಲು ಹೂಡಿದ ಆಟವೆಂದೇ ಕೊಂಡಸಂದ್ರದವರು ತಿಳಿದರು.

ಅಕ್ಕಾಯಮ್ಮನಿಗೆ ಪೆಟ್ಟಿನ ವ್ಯತ್ಯಾಸ ತಿಳಿಯಿತು. ಆದರೂ ಕೂತೇ ಇದ್ದಳು. ಮತ್ತೊಮ್ಮೆ ಎಲ್ಲರ ಕೈಲಿ ನಗಿಸಿಕೊಳ್ಳಲೇ ಎಂಬ ಸಂಕೋಚ ಅವಳನ್ನು ನೆಲಕ್ಕೆ ಹಿಡಿದಿತ್ತು ಎನ್ನುತ್ತಾರೆ. ನಗಾರಿ ನಿಲ್ಲಲಿಲ್ಲ. ಕೊನೆಗೆ ಮುದುಕಿ, "ನಗ್ರಿ, ನಕ್ಕು ಸಾಯ್ರಿ!" ಎಂದು ಬೈದು ಎದ್ದು ಬುಟ್ಟಿ ಬಿಸಾಡಿ ಓಡಿದಳು. ಈ ಸಲ ಅವಳು ಹಿಂತಿರುಗಿ ನೋಡಲಿಲ್ಲ, ಬಿದ್ದ ಹಣ್ಣು ಆರಿಸಲಿಲ್ಲ. ಅದನ್ನು ಕಂಡು ಮುದುಕರೆಲ್ಲ ಎದ್ದರು, ಮುದುಕರನ್ನು ಕಂಡು ಹೆಂಗಸರು ಎದ್ದರು, ಅಷ್ಟರಲ್ಲಿ ಹಳ್ಳದ ಬಾಯಿಂದ ಗಾಡಿಸಾಲು ಉರುಳಿದಂಥ ಸದ್ದು ಬಂತು. ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಮೇಲಿನವರು ಕೆಳಗಿನವರು ಎಂಬ ಭೇದವಿಲ್ಲದೆ ಒಬ್ಬರ ಕೈ ಒಬ್ಬರು ಹಿಡಿದೆಳೆದುಕೊಂಡು ಏರಿ ಹತ್ತಿದರು. ಜೊತೆಯ ಆಟಗಾರನೊಬ್ಬ ಸೊಣ್ಣಪ್ಪನ ತೋಳು ಹಿಡಿದು ಜಗ್ಗಿದ. "ಕೊಂಬು ಕೇಳಿಲ್ಲ," ಎಂದು ಸೊಣ್ಣಪ್ಪ ಕೈ ಕೊಡವಿಕೊಂಡ. ಧೂಳಿನಲ್ಲಿ, ಕವಿದ ಮೋಡದ ಕತ್ತಲಲ್ಲಿ ಅವನಿಗೆ ಯಾರು ಉಳಿದಿದ್ದಾರೆ, ಯಾರು ಹತ್ತಿದ್ದಾರೆ ಒಂದೂ ಕಾಣುತ್ತಿರಲಿಲ್ಲ.

ನೀರು ಮೊದಲು ಅಂಗಳದ ನಡುವಿನ ಹಳೆಯ ಕಾಲುವೆಗೆ ಬಿತ್ತು. ಏರಿಯ ಕಡೆ ಊರೆಲ್ಲ, ಈ ಕಡೆ ನಗಾರಿಯೊಂದಿಗೆ ಅವನೊಬ್ಬನೇ. ಕೊನೆಯ ಕೂಸಿನವರೆಗೆ ಎಲ್ಲರೂ ಹತ್ತಿಯಾಗಿತ್ತು. ನಗಾರಿ ಮಾತ್ರ ನಿಲ್ಲಲಿಲ್ಲ. ಎರಡು ಗಿಡ್ಡ, ಒಂದು ಉದ್ದ. ಪಿಳ್ಳಪ್ಪ ಏರಿಯ ಅಂಚಿಗೆ ಬಂದು ಬಾಯಿಗೆ ಎರಡೂ ಕೈ ಇಟ್ಟು ಕೂಗಿದ. "ಎಲ್ಲಾರೂ ಬಂದ್ರು! ಸಾಕು, ಬಾರಪ್ಪಾ! ಸಾಕು ಬಾರಪ್ಪಾ!" ಕೇಳಿತೋ ಇಲ್ಲವೋ ದೇವರೇ ಬಲ್ಲ. ಕೇಳಿತು, ಅವನು ಒಮ್ಮೆ ತಲೆಯೆತ್ತಿ ನೋಡಿದ, ಆದರೆ ಅಪ್ಪ ಕರೆದರೂ ಇಡಬೇಡ ಎಂದಿದ್ದನಲ್ಲ, ಮತ್ತೆ ತಲೆ ತಗ್ಗಿಸಿ ಬಾರಿಸಿದ ಎಂದು ಹೇಳುವವರಿದ್ದಾರೆ. ನೀರು ಅವನ ಸೊಂಟಕ್ಕೆ ಬಂತು. ಆಮೇಲೆ ನಗಾರಿಯ ಸದ್ದು ಮೆತ್ತಗಾಯಿತು, ಆಮೇಲೆ ಇಲ್ಲವಾಯಿತು.

ಆಗ ಎಲ್ಲರೂ ಕೊಂಬೆಲ್ಲಿ ಎಂದು ತಿರುಗಿದರು. ಕೊಂಬು ರುದ್ರಾಚಾರಿಯ ಕೈಯಲ್ಲೇ ಇತ್ತು. ಓಡುವಾಗಲೂ ಅವನು ಅದನ್ನು ಬಿಟ್ಟಿರಲಿಲ್ಲ, ಎದೆಗವಚಿಕೊಂಡು ನಿಂತಿದ್ದ. ಮಧ್ಯಾಹ್ನವೆಲ್ಲ ಆಟಕ್ಕೆ ಊದಿ ಊದಿ, ಅದು ಯಾತಕ್ಕಿದೆಯೆಂಬುದೇ ಅವನಿಗಾಗಲಿ, ಅವನ ಪಕ್ಕದಲ್ಲಿ ನಿಂತಿದ್ದ ಊರಿಗಾಗಲಿ ನೆನಪಿರಲಿಲ್ಲ. ಪಿಳ್ಳಪ್ಪ ಅವನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಕೊಂಬನ್ನು ತೆಗೆದುಕೊಂಡು ತಾನೇ ಊದಿದ. ಕತ್ತಲಾಗುವವರೆಗೂ ಊದಿದ. ರುದ್ರಾಚಾರಿ ಆಮೇಲೆ ಬದುಕಿರುವ ತನಕ ತುಟಿಗೆ ಪೀಪಿಯನ್ನು ಕೂಡ ಇಡಲಿಲ್ಲ ಎನ್ನುತ್ತಾರೆ. ಆ ಎರಡು ಊರುಗಳ ನಡುವೆ ಮತ್ತೆ ಪಂದ್ಯ ನಡೆಯಲಿಲ್ಲ. ಶೀಲ್ಡು ಎಲ್ಲಿ ಹೋಯಿತೆಂದು ಕೇಳಿದವರೂ ಇಲ್ಲ.

ಇನ್ನೊಂದು ತುದಿಯ ಗೋಲುಕಂಬಗಳು ಅಂದಿನ ನೀರಿಗೇ ಉರುಳಿದವು. ಇಂದಿಗೂ ಕಡು ಬೇಸಗೆಯಲ್ಲಿ ಕೆರೆ ಒಣಗಿದರೆ ಉಳಿದ ಆ ಎರಡು ಕಂಬಗಳ ಬುಡದವರೆಗೆ ನಡೆದು ಹೋಗಬಹುದು. ಹೋದವರು ಅವುಗಳ ನಡುವೆ ಹಾಯುವುದಿಲ್ಲ, ಸುತ್ತಿ ಬರುತ್ತಾರೆ. ಸೊಣ್ಣಪ್ಪ ಒದೆಯದೆ ಬಿಟ್ಟ ಜಾಗ ಅದು. ಬಿದರಗುಂಟೆಯ ಏರಿಯನ್ನು ಮತ್ತೆ ಕಟ್ಟಿದ್ದಾರೆ, ಅಲ್ಲಿ ಹೊಸ ನಗಾರಿಯಿದೆ, ಚುನಾವಣೆಯವರು ಬಂದು ಎಷ್ಟು ಕೇಳಿದರೂ ಕೆಳಗಿಳಿಸುವುದಿಲ್ಲ. ಮಳೆಗಾಲದಲ್ಲಿ ಅದು ಮಾತಾಡಿದರೆ ಕೊಂಡಸಂದ್ರದವರು ಯಾಕೆ ಏನು ಎನ್ನದೆ ಎದ್ದು ಏರಿ ಹತ್ತುತ್ತಾರೆ. ಎಲ್ಲರಿಗಿಂತ ಕೊನೆಗೆ ಹತ್ತಿದವರು, ಗಂಡಸಾಗಲಿ, ಹೆಂಗಸಾಗಲಿ, ದನ ಕಾಯುವವನೇ ಆಗಲಿ, ನೀರಿನ ಕಡೆ ತಿರುಗಿ ನಿಂತು, "ಎಲ್ಲಾರೂ ಬಂದ್ವಿ ಸೊಣ್ಣಪ್ಪಾ, ಸಾಕು, ಬಾರಪ್ಪಾ," ಎಂದು ಕೂಗಬೇಕು. ಕೂಗಿದ ಮೇಲೆ ಎಲ್ಲರೂ ಒಂದು ಗಳಿಗೆ ಕಂಬಗಳ ಕಡೆ ನೋಡುತ್ತಾರೆ. ಆಮೇಲೆ ಕೊಂಬು ಊದುತ್ತಾರೆ.