ಎದೆಯ ಮೇಲಿನ ಉಪ್ಪಿನ ಹರಳು

ಒಂದಾನೊಂದು ಕಾಲದಲ್ಲಿ, ಪುಟ್ಟೀ, ಸಮುದ್ರದ ನೀರನ್ನ ಪಾತಿ ಕಟ್ಟಿ ನಿಲ್ಲಿಸಿ ಉಪ್ಪು ಬೆಳೆಯೋ ಒಂದು ಊರಿತ್ತಂತೆ. ಆ ಊರಲ್ಲಿ ಮಂಕಾಳಿ, ಸಾತು ಅಂತ ಇಬ್ಬರು ಗೆಳತಿಯರು. ಗೋಡೆಗೆ ಗೋಡೆ ತಾಗಿದ ಮನೆ, ಪಾತಿಗೆ ಪಾತಿ ತಾಗಿದ ಉಪ್ಪಿನ ಆಗರ, ಚಿಕ್ಕವರಿದ್ದಾಗ ಒಂದೇ ಗಂಗಾಳದಲ್ಲಿ ಗಂಜಿ ಕುಡಿದವರಂತೆ. ಮಂಕಾಳಿಗೆ ಗಂಡ ಇರಲಿಲ್ಲ. ದೇವು ಅಂತ ಮೂರು ವರ್ಷದ ಮಗ ಇದ್ದ. ಅವಳು ಪಾತಿಗೆ ಇಳಿದಾಗೆಲ್ಲ ಸಾತು ದಂಡೆ ಮೇಲೆ ಕೂತು ಮಗೂನ ನೋಡ್ಕೊಳ್ತಿದ್ದಳಂತೆ.

ಒಂದು ದಿನ, ಮಳೆಗಾಲಕ್ಕೆ ಇನ್ನೂ ಹದಿನೈದು ದಿನ ಇದೆ ಅನ್ನುವಾಗಲೇ ಮೋಡ ಕಟ್ಟಿತಂತೆ. ಮಂಕಾಳಿ ಪಾತಿಯಿಂದ ಹತ್ತಿ ಬಂದು ನೋಡ್ತಾಳೆ, ಸಮುದ್ರ ಉಕ್ಕಿ ಭರತದ ನೀರು ದಂಡೆವರೆಗೂ ಏರಿದೆ, ಮಗು ಇಲ್ಲ, ಸಾತುವೂ ಇಲ್ಲ. ಸಾತು ಓಡಿ ಬಂದಳು, ಊರೋರೆಲ್ಲ ನೀರಿಗಿಳಿದರು. ಸಿಕ್ಕಿದನಾ ಅಂತ ಕೇಳ್ಬೇಡ ಪುಟ್ಟೀ. ಸಿಗಲಿಲ್ಲವಂತೆ.

ಆಮೇಲೆ ಮನೆಗೆ ಹೋಗುವಾಗ ಮಂಕಾಳಿ ಕಣ್ಣಿಗೆ ಬಿದ್ದದ್ದೇನು? ಬೆಳಿಗ್ಗೆ ಬಯಲಲ್ಲಿದ್ದ ಸಾತುವಿನ ಉಪ್ಪಿನ ರಾಶಿ ಮೇಲೆ ತೆಂಗಿನ ಗರಿಯ ತಡಿಕೆ ಮುಚ್ಚಿದೆ. ನಾಲ್ಕೂ ಮೂಲೆಗೆ ಕಲ್ಲು ಇಟ್ಟಿದೆ. ಮಗೂನ ಬಿಟ್ಟು ಸಾತು ಎಲ್ಲಿಗೆ ಹೋಗಿದ್ದಳು ಅಂತ ಅವಳಿಗೆ ತಿಳೀತಂತೆ.

ಹತ್ತು ಜನ ಸೇರಿ ಕೇಳಿದರೆ ಸಾತು, ಮಗು ಅಮ್ಮನ ಹತ್ರ ಹೋಗ್ತೀನಿ ಅಂತು, ಕಳಿಸಿದೆ, ಅವಳೇ ನೋಡ್ಕೊಳ್ಳಲಿಲ್ಲ ಅಂದುಬಿಟ್ಟಳಂತೆ. ಊರ ಹಿರಿಯ, ಹಾಗಾದರೆ ಉಪ್ಪು ಹಿಡಿದು ಹೇಳು ಅಂದ. ಆ ಊರಲ್ಲಿ ಉಪ್ಪು ಹಿಡಿದು ಯಾರೂ ಸುಳ್ಳು ಆಡೋ ಹಾಗಿಲ್ಲ. ಸಾತು, ಅಂಗೈ ಬಿರಿದು ಗಾಯ ಆಗಿದೆ, ಉರೀತದೆ ಅಂದಳಂತೆ. ಅಷ್ಟಕ್ಕೇ ಜನ ಎದ್ದು ಹೋದರಂತೆ.

ಸಾವಾದ ಮನೆಯೋರು ಹನ್ನೊಂದು ದಿನ ಸಪ್ಪೆ ಉಣ್ಣಬೇಕು ಅಂತ ಅಲ್ಲಿನ ರೂಢಿ. ಮಂಕಾಳಿ ಹನ್ನೆರಡನೇ ದಿನವೂ ಉಪ್ಪು ಮುಟ್ಟಲಿಲ್ಲ, ತಿಂಗಳಾದರೂ ಮುಟ್ಟಲಿಲ್ಲ. ಹಗಲೆಲ್ಲ ಉಪ್ಪು ಬಾಚೋದು, ಸಂಜೆ ಸಪ್ಪೆ ಗಂಜಿ ಕುಡಿಯೋದು. ನಿದ್ದೆ ಹೋಯ್ತು. ಎದೆಯಲ್ಲಿ ಕೆಂಡ ಇಟ್ಟ ಹಾಗೆ ಉರಿ. ಹೀಗೇ ಇದ್ದರೆ ಇನ್ನೊಂದು ಮಳೆಗಾಲ ಕಾಣೋಲ್ಲ ಅಂತ ಊರೋರು ಆಡಿಕೊಂಡರಂತೆ.

ಮುಂದಿನ ಬೇಸಿಗೆಗೆ ಒಬ್ಬಳು ಮಣಿ ಮಾರೋ ಮುದುಕಿ ಬಂದಳಂತೆ. ಅವಳ ಕೊರಳಲ್ಲಿ ನೀರಿನ ಹಾಗೆ ತಿಳಿಯಾದ ಒಂದು ಸ್ಫಟಿಕ. ಮಂಕಾಳಿ ಕೇಳದೇನೇ ಅದನ್ನ ಹಿಡಿದು ಎದೆಗೆ ಒತ್ತಿಕೊಂಡಳು. ತಣ್ಣಗಿತ್ತು, ಆಮೇಲೆ ಅದೂ ಅವಳ ಮೈಯಷ್ಟೇ ಬಿಸಿಯಾಯ್ತು.

ಬಿಡು ಮಾರಾಯ್ತಿ, ಕೊರಳು ಹರೀತೀಯ, ಅಂದಳಂತೆ ಮುದುಕಿ. ಇದು ನನ್ನ ದುಃಖ ಕುಡಿದ ಕಲ್ಲು, ಇದರ ಹೊಟ್ಟೆ ತುಂಬಿದೆ. ನಿನ್ನ ಕಲ್ಲು ನೀನೇ ಬೆಳೆಸ್ಕೋ. ಬೋಗುಣಿಯಲ್ಲಿ ಕಡು ಉಪ್ಪುನೀರು ಇಟ್ಟು ಒಂದೇ ಒಂದು ಹರಳು ಬೆಳೆಸು.

ಅದೇನು ದೊಡ್ಡದು ಅಂತ ಮಂಕಾಳಿ ಬೋಗುಣಿ ಇಟ್ಟಳಂತೆ. ಆದರೆ ಉಪ್ಪಿನೋರ ಕೈ ಅಲ್ವಾ? ಪಾತಿಯ ನೀರಿನ ಮೇಲೆ ಉಪ್ಪಿನ ಕೆನೆ ಕಟ್ಟಿದರೆ ಕಲಕಬೇಕು, ಕಲಕಿದರೇ ಪುಡಿ ಉಪ್ಪು. ಅವಳ ಕೈ ಅವಳಿಗೇ ತಿಳಿಯದ ಹಾಗೆ ಬೋಗುಣೀನೂ ಕಲಕಿತು. ಅಮಾಸೆಗೆ ಮುದುಕಿ ಬಂದು ನೋಡಿದರೆ ಬರೀ ಪುಡಿ.

ಎರಡನೇ ಸಲ ಕೈ ಕಟ್ಟಿಕೊಂಡು ಕೂತಳಂತೆ. ಯಾರಾದರೂ ಕೆಡಿಸಿಯಾರು ಅಂತ ಬೋಗುಣಿಗೆ ತಟ್ಟೆ ಮುಚ್ಚಿ, ಮೇಲೆ ಕಂಬಳಿ ಹೊದಿಸಿ, ಪಕ್ಕದಲ್ಲೇ ಕಾವಲು. ತಿಂಗಳು ಕಳೆದರೂ ನೀರು ನೀರಾಗೇ ಇತ್ತು. ಮುದುಕಿ ನಕ್ಕಳಂತೆ. ಬಿಸಿಲಿಗೂ ಬಾಗಿಲು ಹಾಕಿದೀಯಲ್ಲೇ. ನಿನ್ನ ಕಣ್ಣು ಬೀಳದ ಕಡೆ ಇಡು ಹೋಗು.

ಮೂರನೇ ಸಲ ಮಂಕಾಳಿ ಬೋಗುಣಿ ತಗೊಂಡು ಹೋಗಿ ಸಾತುವಿನ ಅಂಗಳದಲ್ಲಿ ಇಟ್ಟಳಂತೆ. ನಂಬಿಕೆಯಿಂದ ಅಲ್ಲ ಪುಟ್ಟೀ. ಇದನ್ನೂ ಕೆಡಿಸ್ತಾಳೆ, ಆಗ ಹತ್ತು ಜನರನ್ನ ಕರೆದು ತೋರಿಸ್ತೀನಿ ಅಂತ. ನೋಡ್ಕೋ ಅಂತ ಒಂದೇ ಮಾತು ಹೇಳಿ ತಿರುಗಿ ನೋಡದೆ ಬಂದಳು. ವರ್ಷದಲ್ಲಿ ಅವಳು ಸಾತುವಿಗೆ ಆಡಿದ್ದು ಅದೊಂದೇ ಮಾತಂತೆ.

ದಿನ ಕಳೀತು. ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಮೋಡ ಬಂದು ದಪ್ಪ ದಪ್ಪ ಹನಿ ಬಿತ್ತಂತೆ. ಮಂಕಾಳಿ, ಕೆಟ್ಟಿತು, ಕೆಟ್ಟೇ ಹೋಯ್ತು ಅಂದುಕೊಳ್ತಾ ಓಡಿ ಬಂದು ನೋಡ್ತಾಳೆ, ಸಾತು ರಾಶಿಗೆ ಮುಚ್ಚೋ ತಡಿಕೆ ತಂದು ಬೋಗುಣಿಗೆ ಮುಚ್ಚಿ, ಗಾಳಿಗೆ ಹಾರದ ಹಾಗೆ ಅದರ ಮೇಲೆ ಬಗ್ಗಿ ಕೂತಿದಾಳೆ. ಅತ್ತ ಅವಳ ಉಪ್ಪಿನ ರಾಶಿ ಕರಗಿ ಬೆಳ್ಳಗೆ ತೋಡಿಗೆ ಹರೀತಿದೆ.

ನಿನ್ನ ರಾಶಿ ಹೋಯ್ತಲ್ಲೇ, ಅಂದಳಂತೆ ಮಂಕಾಳಿ.

ಹೋಗ್ಲಿ. ಹೋದ ವರ್ಷವೇ ಬಿಡ್ಬೇಕಿತ್ತು ಅದನ್ನ, ಅಂದಳಂತೆ ಸಾತು.

ಮಳೆ ನಿಂತಿತಂತೆ. ಆಮೇಲೆ ಮಂಕಾಳಿ, ನನ್ನ ಹತ್ರ ಹೇಳಿದ್ದು ಸಾಲದು, ಊರ ಮುಂದೆ ಹೇಳು ಅಂದಳು. ಮಾರನೇ ದಿನ ಸಾತು ಬೋಗುಣಿಯಲ್ಲಿ ಬೆಳೆದಿದ್ದ ಹರಳು ತೆಗೆದು ಅಂಗೈಲಿ ಹಿಡಿದು, ಮಗೂನ ಬಿಟ್ಟು ಹೋದದ್ದು ನಾನು, ಸುಳ್ಳು ಹೇಳಿದ್ದೂ ನಾನು ಅಂದಳಂತೆ. ಹರಳು ಮಗುವಿನ ಮುಷ್ಟಿಯಷ್ಟಿತ್ತು.

ಮಂಕಾಳಿ ಅದನ್ನ ಎದೆ ಮೇಲೆ ಇಟ್ಟುಕೊಂಡು ಮಲಗಿದಳಂತೆ. ವರ್ಷದಿಂದ ಬಾರದ ಕಣ್ಣೀರು ಬಂತು, ಕಣ್ಣೀರು ತಾಗಿ ಹರಳು ಒಂದಿಷ್ಟು ಕರಗಿತು. ದಿನಾ ಅಳೋದು, ದಿನಾ ಕರಗೋದು. ಮುಷ್ಟಿಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯ್ತು, ಆಮೇಲೆ ಕಡಲೆಯಷ್ಟು, ಆಮೇಲೆ ಅಕ್ಕಿಕಾಳಿನಷ್ಟು. ಕಡೆಗೆ ಉಳಿದ ಆ ಒಂದು ಕಾಳನ್ನ ಗಂಜಿಗೆ ಹಾಕಿಕೊಂಡು ಕುಡಿದಳಂತೆ.

ಮತ್ತೆ ಒಂದೇ ಗಂಗಾಳದಲ್ಲಿ ಉಂಡರಾ ಅಂದರೆ, ಇಲ್ಲ. ಸಾತು ಗೋಡೆ ಮೇಲಿಂದ ಮೀನು ಕೊಟ್ಟರೆ ಮಂಕಾಳಿ ಕೈ ಚಾಚಿ ತಗೊಳ್ತಿದ್ದಳಂತೆ, ಅಷ್ಟೆ. ಆದರೆ ಆ ದಿನ, ಉಪ್ಪು ಹಾಕಿದ ಗಂಜಿ ಕುಡಿದು, ಗಂಗಾಳ ತೊಳೆದು ಕವುಚಿಟ್ಟು, ಮಂಕಾಳಿ ಚಾಪೆ ಮೇಲೆ ಉರುಳಿದ್ದೇ ತಡ, ನಿದ್ದೆ ಬಂತಂತೆ. ಅವಳ ಕಣ್ಣು ಮುಚ್ಚಿತು, ಅಲ್ಲಿಗೆ ನನ್ನ ಕತೆ ಮುಗೀತು. ನೀನೂ ಮುಚ್ಚು.